ಪಡಸಾಲೆಯ ಹತ್ತು ಮೀಟರಿಗೆ ಒಂದು ಏರ್ ರೈಫಲ್: ಎಂಟು ತಿಂಗಳು ಬಳಸಿದ ಮೇಲೆ

ಕಲಬುರಗಿಯ ನಮ್ಮ ಮನೆಯ ಪಡಸಾಲೆಯ ತುದಿಯಿಂದ ಹಿತ್ತಲ ಗೋಡೆಯವರೆಗೆ ಟೇಪು ಹಿಡಿದು ಅಳೆದಾಗ ಹನ್ನೆರಡು ಮೀಟರಿಗೆ ಒಂದು ಗೇಣು ಕಡಿಮೆ ಬಂತು. ಹತ್ತು ಮೀಟರ್ ಗುರಿ ಅಭ್ಯಾಸಕ್ಕೆ ಇಷ್ಟು ಜಾಗ ಸಾಕೆಂಬ ಧೈರ್ಯದಿಂದ, ಪಿಯುಸಿ ಓದುತ್ತಿರುವ ಮಗಳಿಗೂ ನನಗೂ ಸೇರಿ ಒಂದೇ ಏರ್ ರೈಫಲ್ ಕೊಳ್ಳಲು ಹೈದರಾಬಾದಿಗೆ ಹೋದೆ. ಅಮೆರಿಕದ ಹವ್ಯಾಸಿಗಳು ಮನೆಯಲ್ಲಿಯೇ ಪ್ರೋಗ್ರೆಸಿವ್ ಪ್ರೆಸ್ ಇಟ್ಟುಕೊಂಡು, ಹಿಡಿಕೆಯನ್ನು ಎಳೆದಂತೆಲ್ಲ ಒಂದೊಂದು ತೋಟಾ ಸಿದ್ಧಪಡಿಸಿಕೊಳ್ಳುವ ವಿಡಿಯೊಗಳನ್ನು ನಾನೂ ಆಸೆಗಣ್ಣಿನಿಂದ ನೋಡಿದವನೇ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು ನಮ್ಮಲ್ಲಿ ಅಪರಾಧ. ಮನೆಯಲ್ಲಿ ನಿತ್ಯ ಅಭ್ಯಾಸ ಮಾಡಬೇಕೆನ್ನುವವರಿಗೆ ಗಾಳಿಯ ಬಂದೂಕೇ ಸರಿಯಾದ ದಾರಿ.

ಅಂಗಡಿಯಲ್ಲಿ ಮೊದಲು ಕಿವಿಗೆ ಬಿದ್ದದ್ದು ವೇಗದ ಮಾತು. ಸೆಕೆಂಡಿಗೆ 1000 ಅಡಿ ಎಂದು ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಅಂಥ ಅಂಕಿಗಳು ಸಾಮಾನ್ಯವಾಗಿ ತೀರ ಹಗುರವಾದ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ಹಾಕಿ ತೆಗೆದವು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 4.5 ಮಿಲಿಮೀಟರ್ ಮತ್ತು ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಪರವಾನಗಿ ಬೇಕಿಲ್ಲ. ನನ್ನಿಂದ ಗುರುತಿನ ಚೀಟಿಯ ಪ್ರತಿಯನ್ನಷ್ಟೇ ಪಡೆದರು. ಕಾಗದದ ಗುರಿಗೆ ಆ ಮಿತಿಯ ಅರ್ಧವೂ ಬೇಕಾಗುವುದಿಲ್ಲ. 0.53 ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 8 ಜೂಲ್, ಹತ್ತು ಮೀಟರಿಗೆ ಅದು ಧಾರಾಳ. ವೇಗ ಹೆಚ್ಚಿಸಲು ಬಲವಾದ ಸ್ಪ್ರಿಂಗ್ ಹಾಕಿದಷ್ಟೂ ಅದನ್ನು ಏರಿಸಲು ನಳಿಗೆ ಬಗ್ಗಿಸುವ ಶ್ರಮವೂ ಹೊಡೆದಾಗ ಬಂದೂಕಿನ ಜಗ್ಗುವಿಕೆಯೂ ಹೆಚ್ಚುತ್ತವೆಯೇ ಹೊರತು ಗುರಿ ಸುಧಾರಿಸುವುದಿಲ್ಲ.

ಹೀಗಾಗಿ ವೇಗವನ್ನು ಬದಿಗಿಟ್ಟು ಟ್ರಿಗರ್ ನೋಡಿ ಆರಿಸಿದೆ. ನಳಿಗೆಯನ್ನು ಮಡಚಿ ಸ್ಪ್ರಿಂಗ್ ಏರಿಸುವ ದೇಶೀಯ ರೈಫಲ್ ಅದು. ಸುಮಾರು ಹದಿನಾರು ಸಾವಿರ ರೂಪಾಯಿ ಕೊಟ್ಟೆ. ಅದರ ಟ್ರಿಗರ್ ಎರಡು ಹಂತದ್ದು: ಮೊದಲ ಹಂತ ಸಡಿಲವಾಗಿ ಹಿಂದಕ್ಕೆ ಬಂದು ಒಂದು ಕಡೆ ತಡೆಯುತ್ತದೆ, ಅಲ್ಲಿಂದ ಮುಂದೆ ಬೆರಳಿನ ಸಣ್ಣ ಒತ್ತಡಕ್ಕೆ ಬಿಡುಗಡೆಯಾಗುತ್ತದೆ. ಆ ತಡೆ ಪ್ರತಿ ಬಾರಿಯೂ ಅದೇ ಜಾಗದಲ್ಲಿ ಸಿಗುವುದೇ ಈ ಬೆಲೆಯಲ್ಲಿ ನಾನು ಕಂಡ ದೊಡ್ಡ ಗುಣ. ಜೊತೆಗೆ ಬಂದ ದುರ್ಬೀನನ್ನು ಎರಡನೇ ವಾರವೇ ಬಿಚ್ಚಿಟ್ಟೆ. ಸ್ಪ್ರಿಂಗ್ ಬಂದೂಕು ಹಿಂದಕ್ಕೂ ಮುಂದಕ್ಕೂ ಜಗ್ಗುವುದರಿಂದ, ಅದಕ್ಕೆಂದೇ ಮಾಡದ ದುರ್ಬೀನಿನ ಒಳಭಾಗ ಬೇಗ ಕೆಡುತ್ತದೆ. ಮೇಲಾಗಿ ಹತ್ತು ಮೀಟರ್ ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವೂ ಇಲ್ಲ.

ಮೊದಲ ತಿಂಗಳು ಹೊಡೆತಗಳ ಗುಂಪು ಚೆನ್ನಾಗಿಯೇ ಬೀಳುತ್ತಿತ್ತು. ಐದು ಹೊಡೆತಗಳು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋಗುತ್ತಿದ್ದವು. ಏಪ್ರಿಲ್ ಬಂದ ಮೇಲೆ ಅದೇ ರೈಫಲ್ ಅಂಗೈ ಅಗಲಕ್ಕೆ ಚೆಲ್ಲತೊಡಗಿತು. ಪೆಲೆಟ್ ಬದಲಿಸಿದೆ, ನಳಿಗೆ ಒರೆಸಿದೆ, ಮಗಳ ನಿಲುವನ್ನು ಬೈದೆ, ಕೊನೆಗೆ ನನ್ನ ಕನ್ನಡಕದ ನಂಬರನ್ನೂ ಪರೀಕ್ಷಿಸಿಕೊಂಡೆ. ಮಾರಿದವರಿಗೆ ಫೋನ್ ಮಾಡಿದರೆ, ಕಳುಹಿಸಿಕೊಡಿ ನೋಡೋಣ ಎಂಬುದಕ್ಕಿಂತ ಹೆಚ್ಚಿನ ಉತ್ತರ ಸಿಗಲಿಲ್ಲ. ಗುರಿಯ ಪೆಟ್ಟಿಗೆ ಮಾಡಿಕೊಡಲು ಬಂದ ಬಡಿಗ್ಯಾರು ರೈಫಲನ್ನು ಕೈಗೆ ತೆಗೆದುಕೊಂಡು, ಮುಂಭಾಗದ ಕಟ್ಟಿಗೆಯನ್ನು ಹೆಬ್ಬೆರಳಿನಿಂದ ಅಲುಗಿಸಿ, "ಸರ, ಬಿಸಲಿಗೆ ಕಟ್ಟಿಗಿ ಒಣಗಿ ಸಣ್ಣಾಗ್ಯದರೀ, ಸ್ಕ್ರೂ ಬಿಗಿ ಉಳಿದಿಲ್ಲ" ಎಂದರು. ಮುಂದಿನ ಎರಡೂ ಸ್ಕ್ರೂಗಳು ಮುಕ್ಕಾಲು ಸುತ್ತು ತಿರುಗಿದವು. ಅಂದು ಸಂಜೆ ಗುಂಪು ಮತ್ತೆ ನಾಣ್ಯದ ಅಳತೆಗೆ ಬಂತು. ನಮ್ಮ ಒಣ ಬೇಸಿಗೆಯಲ್ಲಿ ಪ್ರತಿ ಇನ್ನೂರು ಹೊಡೆತಕ್ಕೊಮ್ಮೆ ಆ ಸ್ಕ್ರೂಗಳನ್ನು ನೋಡುವುದು ಈಗ ರೂಢಿಯಾಗಿದೆ. ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲು ಇದ್ದಿದ್ದರೆ ಮೂರು ವಾರ ಉಳಿಯುತ್ತಿತ್ತು, ಮಗಳು ಬೈಗುಳ ತಿನ್ನುವುದೂ ತಪ್ಪುತ್ತಿತ್ತು.

ಹಿಡಿಯುವ ಬಗೆಯೂ ಈ ರೈಫಲಿನಲ್ಲಿ ಬೇರೆಯೇ. ಪೆಲೆಟ್ ನಳಿಗೆಯಿಂದ ಹೊರಬೀಳುವ ಮೊದಲೇ ಗಾಳಿಯನ್ನು ಒತ್ತುವ ಒಳಗಿನ ಪಿಸ್ಟನ್ ಓಡಿ ಬಂದೂಕು ಕದಲಿರುತ್ತದೆ. ಹಾಗಾಗಿ ಒಂದು ಸಲ ಬಿಗಿಯಾಗಿ, ಇನ್ನೊಂದು ಸಲ ಸಡಿಲವಾಗಿ ಹಿಡಿದರೆ ಗುರಿ ಬೇರೆ ಬೇರೆ ಕಡೆ ಬೀಳುತ್ತದೆ. ಎಡಗೈಯನ್ನು ತೆರೆದಿಟ್ಟು, ಬಂದೂಕು ಅದರ ಮೇಲೆ ತಾನಾಗಿ ಕೂರುವಂತೆ ಬಿಡುವುದು ಒಳ್ಳೆಯದು.

ಪೆಲೆಟ್ಟಿನ ಡಬ್ಬಿಯಲ್ಲಿ ಉಳಿತಾಯ ಮಾಡಬೇಡಿ. ಅಗ್ಗದ ಡಬ್ಬಿಯಿಂದ ಹತ್ತು ಪೆಲೆಟ್ ತೆಗೆದು ಬಿಳಿ ಕಾಗದದ ಮೇಲೆ ಸಾಲಾಗಿ ನಿಲ್ಲಿಸಿ ನೋಡಿದೆ. ಮೂರರ ಹಿಂಭಾಗದ ಲಂಗ, ಅಂದರೆ ತೆಳುವಾದ ಅಂಚು, ಚಪ್ಪಟೆಯಾಗಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಲಂಗ ದುಂಡಗಿಲ್ಲದಿದ್ದರೆ ಗಾಳಿ ಸೋರುತ್ತದೆ, ಪೆಲೆಟ್ ಓಲಾಡುತ್ತದೆ. ತಲೆ ಚಪ್ಪಟೆಯಿರುವ ಪೆಲೆಟ್ ಕಾಗದವನ್ನು ಪಂಚ್ ಹೊಡೆದಂತೆ ದುಂಡಗೆ ಕತ್ತರಿಸುವುದರಿಂದ ಅಂಕ ಓದುವುದು ಸುಲಭ. ಸ್ಪರ್ಧೆಯ ರೈಫಲ್ ಗುರಿಯಲ್ಲಿ ಹತ್ತು ಅಂಕದ ನಡುಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್ ಮಾತ್ರ, 4.5 ಮಿಲಿಮೀಟರಿನ ತೂತು ಅದನ್ನು ನುಂಗಿಬಿಡುತ್ತದೆ.

ಗುರಿಯ ಹಿಂದೆ ಏನಿದೆ ಎಂಬುದು ಬಂದೂಕಿನಷ್ಟೇ ಮುಖ್ಯ. ಹಿತ್ತಲಲ್ಲಿ ಬಿದ್ದಿದ್ದ ಶಹಾಬಾದ್ ಫರ್ಸಿಕಲ್ಲನ್ನು ಗೋಡೆಗೆ ಆನಿಸಿ ಅದರ ಮುಂದೆ ಗುರಿ ಕಟ್ಟಿದ್ದು ನಾನು ಮಾಡಿದ ದೊಡ್ಡ ತಪ್ಪು. ಎರಡನೇ ಹೊಡೆತಕ್ಕೇ ಸೀಸದ ಚೂರೊಂದು ಹಿಂದಕ್ಕೆ ಹಾರಿ ಬಾಗಿಲ ಚೌಕಟ್ಟಿಗೆ ಬಡಿಯಿತು. ಇಬ್ಬರೂ ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿದ್ದೆವು, ಅದೊಂದು ಪುಣ್ಯ. ಈಗ ಅಲ್ಲಿ ಒಂದಡಿ ಆಳದ ಕಟ್ಟಿಗೆ ಪೆಟ್ಟಿಗೆಯಿದೆ. ಅದರ ಬೆನ್ನಿಗೆ ಕೆಳಮುಖವಾಗಿ ಓರೆ ಮಾಡಿದ ಕಬ್ಬಿಣದ ತಗಡು, ತಗಡಿನ ಮುಂದೆ ಅಜ್ಜಿ ಹೊಲಿದಿದ್ದ ಹರಕು ಕೌದಿಯ ಮಡಿಕೆಗಳು. ಏಳೆಂಟು ಪದರ ಹಳೆಯ ಸೀರೆಯಿರುವ ಕೌದಿಯಲ್ಲಿ ಪೆಲೆಟ್ ಸದ್ದಿಲ್ಲದೆ ಕೂತುಬಿಡುತ್ತದೆ. ಗುರಿಯ ನಡುಬಿಂದು ನೆಲದಿಂದ 1.4 ಮೀಟರ್ ಎತ್ತರದಲ್ಲಿ ಬರುವಂತೆ ಪೆಟ್ಟಿಗೆಯನ್ನು ನಿಲ್ಲಿಸಿದ್ದೇವೆ. ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕದೆ ಪೆಲೆಟ್ ತುಂಬುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು, ಪೆಲೆಟ್ ಸೀಸದ್ದು.

ನಿರ್ವಹಣೆಯ ಕೆಲಸ ಕಡಿಮೆ. ಪೆಲೆಟ್ ಹಾಕದೆ ಟ್ರಿಗರ್ ಎಳೆಯಬಾರದು. ತಡೆಯುವ ಗಾಳಿಯ ಮೆತ್ತೆಯಿಲ್ಲದೆ ಪಿಸ್ಟನ್ ನೇರವಾಗಿ ಬಡಿಯುತ್ತದೆ. ಸ್ಪ್ರಿಂಗ್ ಏರಿಸಿದ ಸ್ಥಿತಿಯಲ್ಲಿ ಬಂದೂಕನ್ನು ಬಿಟ್ಟುಹೋಗಬಾರದು. ಹೊಲಿಗೆ ಯಂತ್ರದ ಎಣ್ಣೆಯನ್ನು ಗಾಳಿಯ ಕೋಣೆಗೆ ಬಿಟ್ಟರೆ ಒತ್ತಡದ ಬಿಸಿಗೆ ಅದು ಉರಿದು ಸಿಡಿದಂತೆ ಸದ್ದು ಮಾಡುತ್ತದೆ, ಸೀಲು ಕೆಡುತ್ತದೆ.

ಇದನ್ನು ಸ್ಪರ್ಧೆಯ ರೈಫಲ್ ಎಂದು ಭಾವಿಸಿ ಖರೀದಿಸಬೇಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ ಹತ್ತು ಮೀಟರ್ ವಿಭಾಗದಲ್ಲಿ ಇಂದು ಬಳಕೆಯಲ್ಲಿರುವುದು ಸುಮಾರು 200 ಬಾರ್ ಒತ್ತಡದ ಗಾಳಿಯ ಸಿಲಿಂಡರ್ ಇರುವ, ಬಹುತೇಕ ಜಗ್ಗದ ಬಂದೂಕುಗಳು. ಫೈನ್‌ವೆರ್ಕ್‌ಬೌ, ವಾಲ್ಟರ್‌ನಂಥ ಜರ್ಮನ್ ಕಂಪನಿಗಳ ಅಂಥ ರೈಫಲ್‌ಗಳ ಬೆಲೆ ಲಕ್ಷಗಳಲ್ಲಿದೆ. ಮಗಳು ಜಿಲ್ಲಾ ಮಟ್ಟಕ್ಕೆ ಹೋಗಬೇಕೆಂದರೆ ಮುಂದೆ ಬೇರೆ ಲೆಕ್ಕ ಹಾಕಬೇಕಾಗುತ್ತದೆ. ಟ್ರಿಗರ್‌ಗೆ ಬೆರಳು ಪಳಗಿಸಲು, ಉಸಿರು ಹಿಡಿದು ನಿಲ್ಲುವುದನ್ನು ಕಲಿಯಲು ಹದಿನಾರು ಸಾವಿರಕ್ಕೆ ಇದಕ್ಕಿಂತ ಹೆಚ್ಚು ಕೇಳುವಂತಿಲ್ಲ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಆ ಕೈಪಿಡಿಗೆ.