ಕ್ಯಾರವಾನ್‌ಗೆ ಎಕ್ಸ್‌ಟೆಂಡೆಡ್ ವಾರಂಟಿ: ಹಣ ಕಟ್ಟುವ ಮೊದಲು ಷರತ್ತಿನ ಪ್ರತಿ ಕೇಳಿ ಪಡೆಯಿರಿ

ಒಳಗೆ ವಾಸದ ವ್ಯವಸ್ಥೆಯಿರುವ ವಾಹನವಾದ ಕ್ಯಾರವಾನ್ ಕೊಳ್ಳುವ ಮಾತುಕತೆ ಮುಗಿದು ಚೆಕ್ ಬರೆಯುವ ಹೊತ್ತಿಗೆ ಮಾರಾಟಗಾರರು ಮುಂದಿಡುವ ಎಕ್ಸ್‌ಟೆಂಡೆಡ್ ವಾರಂಟಿಯ (ಮೂಲ ವಾರಂಟಿ ಮುಗಿದ ಮೇಲೆ ಅನ್ವಯವಾಗುವ, ಹಣ ಕೊಟ್ಟು ಕೊಳ್ಳುವ ವಾರಂಟಿ) ಬಗ್ಗೆ ಎಚ್ಚರಿಸಲು ಇದನ್ನು ಬರೆಯುತ್ತಿದ್ದೇನೆ. ‘ಇಂಜಿನ್‌ನಿಂದ ಹಿಡಿದು ಒಳಗಿನ ವೈರಿಂಗ್‌ವರೆಗೆ ಎಲ್ಲವೂ ಸೇರಿದೆ ಸರ್’ ಎಂಬ ಮಾತಿನ ಮೇಲೆ ನಮ್ಮಿಂದ ಶೇ. 18 ಜಿಎಸ್‌ಟಿ ಸಹಿತ ಪೂರ್ತಿ ಹಣವನ್ನು ಮುಂಗಡವಾಗಿ ಪಡೆದರು. ಷರತ್ತುಗಳ ಪುಸ್ತಿಕೆ ಕೈಗೆ ಬಂದದ್ದು ಆಮೇಲೆ.

ಚಿಕ್ಕಮಗಳೂರಿನ ಮಳೆ ಇಂಜಿನ್ನಿಗೆ ಏನೂ ಮಾಡಲಿಲ್ಲ. ಸೋಲಾರ್ ಫಲಕ ಕೂರಿಸಲು ಮೇಲ್ಛಾವಣಿಯಲ್ಲಿ ಕೊರೆದ ತೂತುಗಳ ಸುತ್ತ ನೀರು ಸೋರದಂತೆ ಹಚ್ಚಿದ್ದ ಸೀಲೆಂಟ್ ಎಂಬ ಅಂಟು ಬಿರುಕು ಬಿಟ್ಟಿತ್ತು. ಅಲ್ಲಿಂದ ಇಳಿದ ನೀರು ಪ್ಲೈವುಡ್ಡಿನ ಹಿಂಬದಿಯಲ್ಲೇ ಹರಿದು ಹಾಸಿಗೆಯ ಕೆಳಗಿನ ಇನ್ವರ್ಟರನ್ನು ಸೇರಿತು. ಮೊದಲು ಸ್ವಿಚ್‌ಬೋರ್ಡಿನ ಅಂಚಿನಲ್ಲಿ ಕಂದು ಕಲೆಯೊಂದು ಕಾಣಿಸಿತು, ಆಮೇಲೆ ಫ್ಯೂಸ್ ಪದೇ ಪದೇ ಹೋಗತೊಡಗಿತು. ಹಾಸನದ ವರ್ಕ್‌ಶಾಪಿನಲ್ಲಿ ಬಿಚ್ಚಿ ನೋಡಿದಾಗ ಸರ್ಕ್ಯೂಟ್ ಬೋರ್ಡಿನ ಮೇಲೆಲ್ಲ ಹಸಿರು ಕಿಲುಬು.

ಅದನ್ನು ಬಿಚ್ಚುವುದಕ್ಕೂ ವಾರಂಟಿ ಕಂಪನಿಯ ಪೂರ್ವಾನುಮತಿ ಬೇಕಿತ್ತು. ಬಿಚ್ಚದೆ ಕಾರಣ ತಿಳಿಯದು, ಕಾರಣ ತಿಳಿಯದೆ ಕ್ಲೇಮ್ ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಚ್ಚಿ ಜೋಡಿಸಿದ ಕೂಲಿ ಮಾಲೀಕರದ್ದೇ. ವಾಹನ ಟಾರ್ಪಾಲಿನ ಕೆಳಗೆ ನಿಂತಿರುವಾಗಲೇ ಉತ್ತರ ಬಂತು: ಸೀಲೆಂಟ್ ನಿರ್ವಹಣೆಯ ವಸ್ತು, ನೀರು ನುಗ್ಗಿದ್ದು ಹೊರಗಿನ ಕಾರಣ, ಇನ್ವರ್ಟರ್ ಕೆಟ್ಟದ್ದು ಅದರ ಪರಿಣಾಮ, ಆದ್ದರಿಂದ ಮೂರೂ ವಾರಂಟಿಯ ಹೊರಗೆ. ಪುಸ್ತಿಕೆಯಲ್ಲಿ ಹಾಗೆಯೇ ಇತ್ತೆಂಬುದು ನಿಜ, ಆದರೆ ಮಾರುವಾಗ ಆ ಪುಟವನ್ನು ಯಾರೂ ತೋರಿಸಿರಲಿಲ್ಲ.

ಕ್ಯಾರವಾನ್ ಎಂದರೆ ಒಂದೇ ಕವಚದೊಳಗಿನ ಎರಡು ವಸ್ತುಗಳು. ಚಾಸಿ, ಇಂಜಿನ್, ಗೇರ್‌ಬಾಕ್ಸ್‌ಗಳಿಗೆ ವಾಹನ ತಯಾರಕರ ವಾರಂಟಿ ಇರುತ್ತದೆ. ಪಂಪು, ಫ್ರಿಜ್, ಇನ್ವರ್ಟರ್, ಛಾವಣಿಗಳಿಗೆ ಆ ವಾಹನವನ್ನು ಕ್ಯಾರವಾನ್ ಆಗಿ ಮಾರ್ಪಡಿಸಿದವರು ಹೊಣೆ. ಎರಡೂ ಮುಗಿದ ಮೇಲೆ ಆರಂಭವಾಗುವ ಎಕ್ಸ್‌ಟೆಂಡೆಡ್ ವಾರಂಟಿ ಸಾಮಾನ್ಯವಾಗಿ ಮೊದಲನೆಯದಕ್ಕೆ ಉದಾರವಾಗಿಯೂ ಎರಡನೆಯದಕ್ಕೆ ಬಿಗಿಯಾಗಿಯೂ ಇರುತ್ತದೆ. ಮಲೆನಾಡಿನಲ್ಲಿ ಕೆಡುವುದೋ ಬಹುಪಾಲು ಎರಡನೆಯದೇ. ಮೊದಲನೆಯದರಲ್ಲೂ ಚಾರ್ಮಾಡಿ ಘಾಟಿಯಂಥ ರಸ್ತೆಗಳಲ್ಲಿ ಸವೆಯುವ ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್‌ಗಳನ್ನು ‘ಸವಕಳಿ’ ಎಂದು ಕೈಬಿಡುತ್ತಾರೆ. ತೋಟದ ಶೆಡ್ಡಿನಲ್ಲಿ ಇಲಿ ಕಡಿದ ವೈರಿಗೂ ಇದೇ ಗತಿ. ಹೋಂಸ್ಟೇ ಅತಿಥಿಗಳನ್ನು ದುಡ್ಡು ಪಡೆದು ಮುಳ್ಳಯ್ಯನಗಿರಿಗೆ ಕರೆದೊಯ್ಯುವವರಂತೂ ‘ವಾಣಿಜ್ಯ ಬಳಕೆ’ ಎಂಬ ಷರತ್ತನ್ನು ಮೊದಲು ಹುಡುಕಿ ಓದಬೇಕು.

ಆದ್ದರಿಂದ ಷರತ್ತಿನ ಪೂರ್ಣ ಪ್ರತಿ ಕೈಗೆ ಬರುವವರೆಗೆ ಹಣ ಕೊಡಬೇಡಿ. ಛಾವಣಿ ಸೋರಿ ಇನ್ವರ್ಟರ್ ಕೆಟ್ಟರೆ ಯಾರು ಕೊಡುತ್ತಾರೆ, ಬಿಚ್ಚುವ ಕೂಲಿ ಯಾರದ್ದು, ಒಂದು ಕ್ಲೇಮಿಗೆ ಗರಿಷ್ಠ ಎಷ್ಟು ಎಂಬುದನ್ನು ಇ-ಮೇಲ್‌ನಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಉತ್ತರ ಬಾರದಿದ್ದರೆ ಅಷ್ಟೇ ಹಣವನ್ನು ರಿಪೇರಿಗೆಂದು ಬ್ಯಾಂಕಿನಲ್ಲಿ ಎತ್ತಿಡುವುದು ಮೇಲು. ನನ್ನ ಮಟ್ಟಿಗೆ ಉತ್ತರ ಬಂದರೂ ಅದೇ ಮೇಲು.

ಈಗಾಗಲೇ ಕೊಂಡು ಸಿಕ್ಕಿಕೊಂಡವರಿಗೆ ಒಂದು ಮಾತು. ವಾರಂಟಿ ಮಾರಿದವರು ವಿಮಾ ಕಂಪನಿಯಲ್ಲದಿದ್ದರೆ ವಿಮಾ ಕಂಪನಿಗಳ ವಿರುದ್ಧದ ದೂರು ಕೇಳುವ ವಿಮಾ ಲೋಕಪಾಲರ (ಇನ್ಶೂರೆನ್ಸ್ ಒಂಬುಡ್ಸ್‌ಮನ್) ದಾರಿ ಸಿಗುವುದಿಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕಂಪನಿಯ ಕಚೇರಿ ಯಾವ ಊರಿನಲ್ಲಿದ್ದರೂ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ವರ್ಕ್‌ಶಾಪಿನವರು ಕೆಲಸದ ವಿವರ ಬರೆದುಕೊಡುವ ಜಾಬ್ ಕಾರ್ಡ್, ಎಸ್ಟಿಮೇಟ್, ಸರ್ವೀಸ್ ಬಿಲ್ಲುಗಳು ಮತ್ತು ಕ್ಲೇಮ್ ತಿರಸ್ಕರಿಸಿದ ಪತ್ರವನ್ನು ಜೋಪಾನವಾಗಿಡಿ. ತಿರಸ್ಕಾರವನ್ನು ಫೋನಿನಲ್ಲೇ ಹೇಳಿ ಮುಗಿಸಿದರೆ ಅದನ್ನು ಬರಹದಲ್ಲಿ ಕೊಡುವಂತೆ ಅದೇ ದಿನ ಇ-ಮೇಲ್ ಕಳುಹಿಸಿ.