ಹೊಸ ಹಾವು ತಿನ್ನುತ್ತಿಲ್ಲ ಅಂತ ನಾವು ಮಾಡಿದ ಎಡವಟ್ಟು

ನಮ್ಮ ಹೊಸ ಹಾವು ಚಕ್ಲಿಯ ಬೆನ್ನ ಮೇಲೆ ಬಟಾಣಿ ಕಾಳಿನಷ್ಟು ಗಾಯವಾಗಿತ್ತು. ಕಚ್ಚಿದ್ದು ಇಲಿ. ಹಾವಿಗೆ ಊಟ ಅಂತ ನಾವೇ ದುಡ್ಡು ಕೊಟ್ಟು ತಂದು ಅದರ ಗಾಜಿನ ಪೆಟ್ಟಿಗೆಯೊಳಗೆ ಬಿಟ್ಟ ಇಲಿ.

ಇಲಿ ಹಾವನ್ನು ಕಚ್ಚುತ್ತೆ ಅಂತ ಯಾರಾದರೂ ಹೇಳಿದ್ದರೆ ನಾನೂ ನಕ್ಕುಬಿಡುತ್ತಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಅಮೆರಿಕದ ಓಹಾಯೋದಲ್ಲಿ. ಹನ್ನೊಂದು ವರ್ಷದ ಮಗ ಎರಡು ವರ್ಷದಿಂದ ಹಾವು ಹಾವು ಅಂತ ಪೀಡಿಸುತ್ತಿದ್ದ. ಅಕ್ಟೋಬರಿನಲ್ಲಿ ಒಂದು ಸರೀಸೃಪಗಳ ಮೇಳಕ್ಕೆ ಹೋಗಿ ಬಾಲ್ ಪೈಥಾನ್ ಮರಿ ತಂದೆವು. ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಕಡೆಯ ಪುಟ್ಟ ಹೆಬ್ಬಾವು ಇದು. ವಿಷವಿಲ್ಲ. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಉಂಡೆಯಾಗುತ್ತೆ. ಮಗ ಅದನ್ನು ನೋಡಿಯೇ ಚಕ್ಲಿ ಅಂತ ಹೆಸರಿಟ್ಟ. ಡಬ್ಬಿಯ ಮೇಲೆ 118 ಗ್ರಾಂ ಅಂತ ಬರೆದಿತ್ತು. ಮಾರಿದವನು "ಚೆನ್ನಾಗಿ ತಿನ್ನುತ್ತೆ" ಅಂದ, ನಾವು ತಲೆಯಾಡಿಸಿದೆವು. ಏನು ತಿನ್ನುತ್ತೆ, ಜೀವಂತವೋ ಸತ್ತದ್ದೋ, ಕೊನೆಯ ಸಲ ತಿಂದದ್ದು ಯಾವಾಗ? ಒಂದನ್ನೂ ಕೇಳಲಿಲ್ಲ. ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಳ್ಳುವಾಗಲೂ ಇದಕ್ಕಿಂತ ಜಾಸ್ತಿ ಪ್ರಶ್ನೆ ಕೇಳ್ತೀವಿ, ಅಲ್ವಾ?

ಮೊದಲ ರಾತ್ರಿ ಎಲ್ಲರ ಕೈಯಿಂದ ಕೈಗೆ ಹೋಯಿತು. ಹಾಸನಕ್ಕೆ ವಿಡಿಯೋ ಕಾಲ್ ಮಾಡಿ ಅಮ್ಮನಿಗೂ ತೋರಿಸಿದೆವು. "ನಾಗಪ್ಪನಿಗೆ ತನಿ ಎರೆಯೋ ಮನೆಯಲ್ಲಿ ಇದೇನೋ ಇದು" ಅಂತ ಅಮ್ಮ ಮೊದಲು ಗದರಿದರು. ಆಮೇಲೆ "ಊಟ ಏನು ಹಾಕಿದ್ರಿ?" ಅಂದರು. ಎಡವಟ್ಟೆಲ್ಲ ಶುರುವಾದದ್ದು ಆ ಪ್ರಶ್ನೆಯಿಂದ. ಮನೆಗೆ ಬಂದವರು ಉಣ್ಣದೆ ಕೂತರೆ ನಮಗೆ ತಡೆಯುವುದಿಲ್ಲ. "ಇನ್ನೊಂದು ಸ್ವಲ್ಪ" ಅಂತ ಬಡಿಸಿಯೇ ಅಭ್ಯಾಸ.

ಮಾರನೇ ದಿನವೇ ಫ್ರೀಜರಿನಲ್ಲಿಡುವ ಸತ್ತ ಇಲಿಮರಿಗಳ ಪ್ಯಾಕೆಟ್ ಬಂತು. ನಾವು ಸಸ್ಯಾಹಾರಿಗಳು. ತೆಂಗಿನ ತುರಿಯ ಪಕ್ಕದಲ್ಲಿ ಅದನ್ನಿಡಲು ಹೆಂಡತಿ ಬಿಡಲಿಲ್ಲ, ಗ್ಯಾರೇಜಿಗೊಂದು ಪುಟ್ಟ ಫ್ರೀಜರ್ ಬಂತು. ಒಂದನ್ನು ನೀರಿನಲ್ಲಿಟ್ಟು ಕರಗಿಸಿ, ಇಕ್ಕಳದಲ್ಲಿ ಹಿಡಿದು ಚಕ್ಲಿಯ ಮೂಗಿನ ಮುಂದೆ ಆಡಿಸಿದೆ. ಮುಖ ತಿರುಗಿಸಿತು. ಮೂರನೇ ದಿನ ಮತ್ತೆ. ನಾಲ್ಕನೇ ದಿನ ಮತ್ತೆ. ಪ್ರತಿ ಸಲ ಬಚ್ಚಿಟ್ಟುಕೊಂಡ ಜಾಗದಿಂದ ಎತ್ತಿ ಹೊರಗೆ ತಂದು ಪ್ರಯತ್ನ. ಒಂದು ದಿನ ಇಲಿಮರಿಯನ್ನು ಬೆರಳಲ್ಲಿ ಒತ್ತಿ ನೋಡಿದರೆ ಹೊಟ್ಟೆ ಇನ್ನೂ ಐಸಿನಂತೆ ತಣ್ಣಗಿತ್ತು. ಈ ಹಾವಿನ ತುಟಿಯ ಉದ್ದಕ್ಕೂ ಶಾಖ ಗುರುತಿಸುವ ಸಣ್ಣ ಗುಳಿಗಳಿವೆ. ತಣ್ಣಗಿನ ಇಲಿ ಅದಕ್ಕೆ ಊಟದ ಹಾಗೆ ಕಾಣುವುದೇ ಇಲ್ಲ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಒಂಬತ್ತನೇ ದಿನ ಅಂಗಡಿಯೊಂದರಲ್ಲಿ "ಜೀವಂತ ಇಲಿ ಬಿಡಿ, ರಾತ್ರಿ ತಾನೇ ತಿನ್ನುತ್ತೆ" ಅಂದರು. ಬಿಟ್ಟು, ದೀಪ ಆರಿಸಿ ಮಲಗಿದೆವು. ಬೆಳಿಗ್ಗೆ ಇಲಿ ನೀರಿನ ಬಟ್ಟಲಿನ ಅಂಚಿನಲ್ಲಿ ಕೂತು ಮುಖ ಒರೆಸಿಕೊಳ್ಳುತ್ತಿತ್ತು. ಚಕ್ಲಿ ಮೂಲೆಯಲ್ಲಿ ಉಂಡೆಯಾಗಿತ್ತು. ಬೆನ್ನ ಮೇಲೆ ರಕ್ತ. ತಿನ್ನುವ ಮನಸ್ಸಿಲ್ಲದ ಹಾವು ತನ್ನನ್ನು ಕಡಿಯುತ್ತಿದ್ದರೂ ಎಷ್ಟೋ ಸಲ ತಿರುಗಿ ಬೀಳುವುದಿಲ್ಲವಂತೆ. ಹಸಿದ ಇಲಿ ಬೆನ್ನುಮೂಳೆ ಕಾಣುವವರೆಗೂ ಕಡಿಯಬಲ್ಲದು. ನಮ್ಮದು ಅಷ್ಟಕ್ಕೆ ಹೋಗಲಿಲ್ಲ, ಪುಣ್ಯ.

ಸರೀಸೃಪಗಳನ್ನು ನೋಡುವ ಡಾಕ್ಟರು ಗಾಯ ತೊಳೆದು, ಮೂರು ದಿನಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಹಾವಿನ ಬೆಲೆಗಿಂತ ಬಿಲ್ಲೇ ದೊಡ್ಡದಾಯಿತು. ತೂಕ 109 ಗ್ರಾಂ. ನಾನು ಅಳುಮೋರೆ ಹಾಕಿದ್ದಕ್ಕೆ ಅವರು, ಇದು ಉಪವಾಸದ ಜಾತಿ, ದೊಡ್ಡವು ತಿಂಗಳುಗಟ್ಟಲೆ ತಿನ್ನದೆ ಇರುತ್ತವೆ, ಮರಿಯೂ ಕೆಲವು ವಾರ ತಡೆಯುತ್ತೆ ಅಂದರು. ತೂಕ ಹತ್ತನೇ ಒಂದು ಪಾಲಿಗಿಂತ ಜಾಸ್ತಿ ಇಳಿದರೆ ಮಾತ್ರ ಕರೆತನ್ನಿ ಅಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಬೆಚ್ಚಗಿನ ಕಡೆ ಎಷ್ಟು ಡಿಗ್ರಿ ಇದೆ?"

ಗಾಜಿಗೆ ಅಂಟಿಸಿದ ಮುಳ್ಳಿನ ಥರ್ಮಾಮೀಟರ್ 30 ತೋರಿಸುತ್ತಿತ್ತು. ಮನೆಗೆ ಬಂದು, ಮುಟ್ಟದೆ ಶಾಖ ಅಳೆಯುವ ಇನ್ಫ್ರಾರೆಡ್ ಗನ್ ಹಿಡಿದೆ. ಪೆಟ್ಟಿಗೆಯ ತಳಕ್ಕೆ ಹಾಕಿದ್ದ ಹೀಟ್ ಮ್ಯಾಟ್ (ಕರೆಂಟಿನಿಂದ ಕಾಯುವ ಹಾಸು) ಮೇಲಿನ ನೆಲ 44! ಇನ್ನೊಂದು ತುದಿ 20. ಒಂದು ಕಡೆ ಕಾದ ಕಾವಲಿ, ಇನ್ನೊಂದು ಕಡೆ ಓಹಾಯೋ ಚಳಿ. ತಿಂದದ್ದು ಅರಗಿಸಲು ಹಾವಿಗೆ ಹೊರಗಿನ ಶಾಖವೇ ಬೇಕು. ಆ ಜಾಗದಲ್ಲಿ ಯಾರಿಗೆ ತಾನೇ ಊಟ ಸೇರುತ್ತೆ? ದಯವಿಟ್ಟು, ಶಾಖ ಹದ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಹೀಟ್ ಮ್ಯಾಟ್ ಹಾಕಬೇಡಿ. ಈಗ ನಮ್ಮಲ್ಲಿ ಬೆಚ್ಚಗಿನ ಕಡೆ 32, ತಂಪಿನ ಕಡೆ 26, ತೇವಾಂಶ 60ರ ಆಸುಪಾಸು ಇರುತ್ತೆ.

ಇದನ್ನೆಲ್ಲ ಕೇಳಿಸಿಕೊಂಡ ಅಮ್ಮ ಫೋನಿನಲ್ಲಿ "ಅದಕ್ಕೆ ಹುತ್ತ ಎಲ್ಲಿ ಕೊಟ್ಟಿದ್ದೀಯೋ?" ಅಂದರು. ತಮಾಷೆಯಲ್ಲ. ಆಫ್ರಿಕಾದಲ್ಲೂ ಈ ಹಾವು ಹಗಲು ಕಳೆಯುವುದು ಗೆದ್ದಲ ಹುತ್ತ, ಇಲಿ ಬಿಲಗಳಲ್ಲೇ. ನಾವು ಕೊಟ್ಟಿದ್ದು ಮೂರಡಿ ಗಾಜಿನ ಹಾಲ್, ಮೇಲೊಂದು ಬೆಳಕು, ಮುಂದೆ ಟಿವಿ. ಎರಡೂ ತುದಿಗೆ ಮೈಗೆ ಒತ್ತಿಕೊಳ್ಳುವಷ್ಟೇ ಜಾಗವಿರುವ ಗೂಡು ಇಟ್ಟೆವು. ಮೂರು ಕಡೆ ಗಾಜಿಗೆ ರಟ್ಟು ಅಂಟಿಸಿದೆವು. ನೀರು ಬದಲಿಸುವುದು, ಡಾಕ್ಟರು ಕಲಿಸಿಕೊಟ್ಟ ಇಂಜೆಕ್ಷನ್ ಕೊಡುವುದು ಬಿಟ್ಟರೆ ಹದಿನೈದು ದಿನ ಯಾರೂ ಮುಟ್ಟುವ ಹಾಗಿಲ್ಲ. ಮಗ ಬಾಗಿಲಿಗೆ ಚೀಟಿಯನ್ನೂ ಅಂಟಿಸಿದ.

ಗಾಯವಿಲ್ಲದ ಹಾವಾದರೆ ತಂದು ಒಂದು ವಾರ ಸುಮ್ನೆ ಬಿಟ್ಟು, ಆಮೇಲೆ ಮೊದಲ ಊಟ ತೋರಿಸಿ. ಇಲಿ ಹಾವಿನ ನಡುಭಾಗದಷ್ಟೇ ದಪ್ಪವಿರಲಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು ಕರಗಿಸಿ, ಕೊಡುವ ಮುಂಚೆ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ. ಮೈಕ್ರೋವೇವ್ ಬೇಡ, ಒಳಗೆ ಬೆಂದುಹೋಗುತ್ತೆ. ಬೇಡ ಅಂದರೆ ತೆಗೆದುಬಿಡಿ, ಇನ್ನೊಂದು ವಾರ ಆ ಕಡೆ ಹೋಗಬೇಡಿ. ತಿಂದ ಮೇಲೆ ಎರಡು ದಿನ ಎತ್ತಬೇಡಿ, ಕಕ್ಕಿಬಿಡುತ್ತೆ. ಕಣ್ಣು ಮಂಜಾಗಿದ್ದರೆ ಪೊರೆ ಬಿಡುವ ಹೊತ್ತು, ಆಗ ಹೆಚ್ಚಿನವು ತಿನ್ನುವುದಿಲ್ಲ.

ಊರಲ್ಲಿರುವವರಿಗೆ ಒಂದು ಮಾತು. ನಮ್ಮ ಹೆಬ್ಬಾವು, ಕೇರೆಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನಿನಂಥ ಹೊರದೇಶದ ಹಾವನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಕಾಗದವಿಲ್ಲದೆ ಯಾರಾದರೂ ಮಾರಲು ಬಂದರೆ ತಗೊಳ್ಳಬೇಡಿ.

ನವೆಂಬರಿನ ಒಂದು ರಾತ್ರಿ ಹತ್ತೂವರೆಗೆ ಕತ್ತಲಲ್ಲಿ ಬೆಚ್ಚಗಿನ ಇಲಿಮರಿಯನ್ನು ಗೂಡಿನ ಬಾಯಿಗೆ ಹಿಡಿದೆ. ನಾಲಿಗೆ ಎರಡು ಸಲ ಹೊರಬಂತು. ಮೂರನೆಯದು ನನಗೆ ಕಾಣಲೇ ಇಲ್ಲ, ಇಕ್ಕಳ ಕೈಯಿಂದ ಜಾರಿ ಬಿದ್ದಿತ್ತು. ಮಗ ಬಾಯಿಗೆ ಎರಡೂ ಕೈ ಮುಚ್ಚಿಕೊಂಡು ಕುಣಿದ.

ಅಲ್ಲಿಂದೀಚೆಗೆ ಮೂರು ಸಲ ಪೊರೆ ಬಿಟ್ಟಿದೆ. ಪ್ರತಿ ಸಲ ಮಗ ಪೊರೆಯನ್ನು ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಾನೆ. ಗಾಯದ ಜಾಗದಲ್ಲಿ ಹುರುಪೆಗಳು ಇನ್ನೂ ಅಡ್ಡಾದಿಡ್ಡಿಯಾಗಿವೆ.