ಆಸ್ತಿ ಕಾಯುವಾಗ ಆದ ಸಾವು: ಪೂರ್ಣ ಹಕ್ಕಿನ ವಾದವೋ, ಮಿತಿ ಮೀರಿದ ಹಕ್ಕಿನ ವಾದವೋ?

ಆಸ್ತಿ ಕಾಯಲು ಹೋಗಿ ಒಬ್ಬನ ಸಾವಿಗೆ ಕಾರಣನಾದವನು ಖಾಸಗಿ ರಕ್ಷಣೆಯ ಹಕ್ಕನ್ನು (ತನ್ನ ಜೀವ, ಆಸ್ತಿ ಕಾಯಲು ಬಲ ಬಳಸುವ ಹಕ್ಕು) ಮುಂದಿಟ್ಟರೆ, ಅವನ ಪರ ವಕೀಲರ ಮುಂದೆ ಎರಡು ದಾರಿಗಳಿವೆ.

ಮೊದಲನೆಯದು ಭಾರತೀಯ ನ್ಯಾಯ ಸಂಹಿತೆಯ ಕಲಂ 41: ಆಸ್ತಿ ಕಾಯುವ ಹಕ್ಕು ಸಾವು ತರುವವರೆಗೂ ಚಾಚುತ್ತದೆ ಎನ್ನುವ ವಾದ. ಗೆದ್ದರೆ ಪೂರ್ತಿ ಖುಲಾಸೆ. ಆದರೆ ಬಾಗಿಲು ಬಹಳ ಕಿರಿದು: ಸುಲಿಗೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಅಥವಾ ಸರಕಿನ ಗೋದಾಮಿಗೆ ಬೆಂಕಿ ಇಡುವುದು; ಕಳವು, ಆಸ್ತಿ ಹಾನಿ ಅಥವಾ ಮನೆ ಅತಿಕ್ರಮವಾದರೆ ಸಾವು ಇಲ್ಲವೇ ತೀವ್ರ ಗಾಯ ಆದೀತೆಂಬ ಸಮಂಜಸ ಭಯವಿರಬೇಕು. ಹಗಲಲ್ಲಿ ಬದು ಒತ್ತುವವನನ್ನು ಕುಡುಗೋಲಿನಿಂದ ಕಡಿದರೆ ಈ ಕಲಂ ನೆರವಿಗೆ ಬಾರದು. ಅಲ್ಲಿ ಕಲಂ 42ರಂತೆ ಸಾವಿನ ಹೊರತಾದ ಪೆಟ್ಟಿಗಷ್ಟೇ ಅನುಮತಿ. ಪೊಲೀಸರ ನೆರವು ಪಡೆಯಲು ಸಮಯವಿತ್ತೆಂದಾದರೆ ಕಲಂ 37 ಹಕ್ಕನ್ನೇ ಕಿತ್ತುಕೊಳ್ಳುತ್ತದೆ.

ಎರಡನೆಯದು ಕಲಂ 101ರ 2ನೇ ವಿನಾಯಿತಿ: ಹಕ್ಕು ಇತ್ತು, ಸದ್ಭಾವನೆಯಿಂದಲೇ ಮಿತಿ ದಾಟಿತು ಎನ್ನುವ ವಾದ. ಪೂರ್ವಯೋಜನೆ ಇರಬಾರದು, ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಉದ್ದೇಶವೂ ಇರಬಾರದು. ಬಿಡುಗಡೆ ಸಿಗದು, ಕೊಲೆ ಆರೋಪ ಕೊಲೆಯಲ್ಲದ ನರಹತ್ಯೆಗೆ ಇಳಿಯುತ್ತದೆ. ಸಾವು ಅಥವಾ ಸಾವು ತರಬಲ್ಲ ಗಾಯ ಮಾಡುವ ಉದ್ದೇಶವಿದ್ದರೆ ಕಲಂ 105ರಡಿ ಜೀವಾವಧಿ ಅಥವಾ 5ರಿಂದ 10 ವರ್ಷ ಸೆರೆ.

ಗಾಯಗಳನ್ನು ನೋಡಿಯೇ ನಾನು ತೂಗುತ್ತೇನೆ. ಎದುರಿನಿಂದ ಬಿದ್ದ ಒಂದೇ ಏಟು, ಒಡೆದ ಚಿಲಕ, ರಾತ್ರಿಯ ಹೊತ್ತು ಇದ್ದರೆ ಮೊದಲನೆಯದು. ನೆಲಕ್ಕುರುಳಿದವನ ಮೇಲೆ ಮತ್ತೆರಡು ಏಟು ಬಿದ್ದಿದ್ದರೆ ಎರಡನೆಯದೇ ಪ್ರಾಮಾಣಿಕ. ಓಡುತ್ತಿದ್ದವನ ಬೆನ್ನಿಗೆ ಹೊಡೆದಿದ್ದರೆ ಎರಡೂ ಕಷ್ಟ. ಪರ್ಯಾಯವಾಗಿ ಎರಡನ್ನೂ ಮಂಡಿಸಬಹುದು. ಆರೋಪಿ ಸಂಭವನೀಯತೆ ತೋರಿಸಿದರೆ ಸಾಕು, ಸಂಶಯಾತೀತ ಪುರಾವೆ ಬೇಕಿಲ್ಲ.